ಒಂದೇ ಪೆಟ್ಟಿಗೆ ಸಾಲದು

ನಮ್ಮ ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇದೆ. ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಗೂ ಅದರ ಸಂಪರ್ಕವಿದೆ. ನಾವು ಮಾಡಿದ ಕೆಲಸ ತಾನಾಗಿಯೇ ಅದರಲ್ಲೂ ಸೇರುತ್ತದೆ. "ಸರ್ವರ್‌ನ್ಯಾಗ ಐತಿ, ಚಿಂತಿ ಮಾಡಬ್ಯಾಡ" ಎನ್ನುವುದು ನಮ್ಮೆಲ್ಲರ ಮಾತು. ಕಳೆದ ತಿಂಗಳವರೆಗೆ ನಾನೂ ಹಾಗೇ ಹೇಳುತ್ತಿದ್ದೆ.

ಟ್ಯಾಲಿಯಲ್ಲಿ ಕಿರಾಣಿ ಅಂಗಡಿಯೊಂದರ ಲೆಕ್ಕ ಬರೆಯುವುದು ನಮ್ಮ ಗುಂಪಿನ ಪ್ರಾಜೆಕ್ಟ್. ನಾಲ್ವರು ಮೂರು ವಾರ ಕೂತು ವೋಚರ್ ಹಾಕಿದ್ದೆವು. ಒಂದು ಸಂಜೆ ಜೈನಾಪುರದ ಬಸ್ಸು ತಪ್ಪೀತೆಂಬ ಅವಸರದಲ್ಲಿ, ಹಳೆಯದು ಎಂದುಕೊಂಡು ಆ ಫೋಲ್ಡರನ್ನೇ ಅಳಿಸಿಬಿಟ್ಟೆ. ಮರುದಿನ ಪೆಟ್ಟಿಗೆಯಲ್ಲಿ ಹುಡುಕಿದರೆ ಅಲ್ಲೂ ಇಲ್ಲ! ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ಅದೂ ಅಳಿಸಿಕೊಂಡಿತ್ತು. ತಪ್ಪು ನನ್ನದೇ. ಆದರೆ ಇಂಥ ತಪ್ಪಿನಿಂದ ಕಾಪಾಡುವುದಕ್ಕೇ ಅಲ್ಲವೇ ಬ್ಯಾಕಪ್ ಇರುವುದು?

ನಮ್ಮಲ್ಲಿರುವುದು ಬ್ಯಾಕಪ್ ಅಲ್ಲ, ಕನ್ನಡಿ. ಪೆಟ್ಟಿಗೆಯೊಳಗೆ ಎರಡು ಡಿಸ್ಕ್ ಇದ್ದರೂ ಅಷ್ಟೇ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಅಂಗಡಿಯ ಬಿಲ್ ಪುಸ್ತಕ ನೋಡಿ. ಮೇಲಿನ ಹಾಳೆ ಹರಿದುಹೋದರೂ ಕೆಳಗಿನ ಕಾರ್ಬನ್ ಪ್ರತಿ ಉಳಿಯುತ್ತದೆ. ಅದು ನಿಜವಾದ ಬ್ಯಾಕಪ್.

ಪೆಟ್ಟಿಗೆಗೇ ಆಪತ್ತು ಬರುವುದೂ ಉಂಟು. 2021ರ ಜೂನ್‌ನಲ್ಲಿ ‘ಮೈ ಬುಕ್ ಲೈವ್’ ಎಂಬ ಇಂಥದೇ ಸಾಧನಗಳನ್ನು ಕಿಡಿಗೇಡಿಗಳು ಇಂಟರ್‌ನೆಟ್ ಮೂಲಕ ಅಳಿಸಿಹಾಕಿದರು. ಬೇರೆ ಪ್ರತಿ ಇಡದವರು ವರ್ಷಗಳ ಫೋಟೋ, ಕಡತ ಕಳೆದುಕೊಂಡರು. ನಮ್ಮ ವಿಜಯಪುರದ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಯಾರದೋ ಮನೆಯ ಗಂಟಿನಲ್ಲಿದ್ದದ್ದು ಹಲವು ಮನೆ ಸೇರಿತು. ಪ್ರತಿ ಬೇರೆ ಕಡೆ ಇದ್ದರೇ ಧೈರ್ಯ.

ಆದ್ದರಿಂದ ನನ್ನ ಕೋರಿಕೆ ಮೂರು. ಒಂದು, ಪೆಟ್ಟಿಗೆಯಲ್ಲಿ ಹಳೆಯ ಪ್ರತಿಗಳನ್ನು ದಿನಾಂಕವಾರು ಉಳಿಸುವ ವ್ಯವಸ್ಥೆ ಇದ್ದರೆ ಅದನ್ನು ಚಾಲೂ ಮಾಡಬೇಕು. ಎರಡು, ಪ್ರತಿ ಶನಿವಾರ ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಳಿಸಿ, ಕೇಬಲ್ ತೆಗೆದು, ಆಫೀಸಿನ ಕಪಾಟಿನಲ್ಲಿ ಇಡಬೇಕು. ಮೂರು, ತಿಂಗಳಿಗೊಮ್ಮೆ ಒಂದೆರಡು ಫೈಲ್ ವಾಪಸ್ ತೆಗೆದು ನೋಡಬೇಕು. ನಗದು ಪುಸ್ತಕದ ಬಾಕಿಯನ್ನು ಗಲ್ಲಾದ ಹಣದೊಂದಿಗೆ ತಾಳೆ ನೋಡುವುದಿಲ್ಲವೇ, ಹಾಗೆ. ಇದಕ್ಕೆ ಒಂದು ಡಿಸ್ಕಿನ ಖರ್ಚು, ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಸಾಕು. ಆ ಕೆಲಸಕ್ಕೆ ನಾವು ವಿದ್ಯಾರ್ಥಿಗಳೇ ಸರದಿಯಂತೆ ನಿಲ್ಲುತ್ತೇವೆ.

"ನಿಮ್ಮ ಫೈಲ್ ನೀವೇ ಜೋಪಾನ ಮಾಡಿಕೊಳ್ಳಿ" ಎನ್ನಬಹುದು. ಆದರೆ ವೈರಸ್ ಬರುತ್ತದೆಂದು ಲ್ಯಾಬಿಗೆ ಪೆನ್ ಡ್ರೈವ್ ತರಲು ಬಿಡುವುದಿಲ್ಲ. ಆ ನಿಯಮ ಸರಿಯೇ ಇದೆ. ಹಾಗಾದರೆ ನಮ್ಮ ಕೆಲಸ ಕಾಲೇಜಿನ ವಶದಲ್ಲಿದೆ ಎಂದಾಯಿತು. ಪತ್ರಿಕೆಗಳಲ್ಲಿ ‘ಅಮಾನತು’ ಎಂದರೆ ನೌಕರಿಯಿಂದ ತಾತ್ಕಾಲಿಕವಾಗಿ ದೂರ ಇಡುವುದು. ನಮ್ಮ ಮನೆಮಾತಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ಇನ್ನೊಬ್ಬರ ಕೈಗೆ ಕೊಟ್ಟ ವಸ್ತು. ಅದನ್ನು ಕಾಯುವುದು ಕರ್ತವ್ಯ ಎಂದು ನಮಗೆ ಕಲಿಸಿದವರು ಇದೇ ಕಾಲೇಜಿನ ಗುರುಗಳು.

ನಮ್ಮ ಗುಂಪು ಮೊದಲ ವೋಚರಿನಿಂದ ಮತ್ತೆ ಶುರುಮಾಡಿದೆ. ಪರೀಕ್ಷೆಯ ಹೊತ್ತಿಗೆ ಬೇರೆ ಯಾರಿಗೂ ಹಾಗಾಗದಿರಲಿ.