ವಲ್ವಾ ಕ್ಯಾನ್ಸರನ್ನು ಬೇಗ ಪತ್ತೆಹಚ್ಚಲು ಕ್ರಮ ಕೋರಿ ಮನವಿ ಪತ್ರ

ಮಾನ್ಯ ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಕರ್ನಾಟಕ ಸರ್ಕಾರ, ಬೆಂಗಳೂರು, ಇವರಿಗೆ

ವಲ್ವಾ ಎಂದರೆ ಯೋನಿಯ ಹೊರಭಾಗ: ಒಳತುಟಿ, ಹೊರತುಟಿ, ಚಂದ್ರನಾಡಿ ಮತ್ತು ಸುತ್ತಲಿನ ಚರ್ಮ. ಇಲ್ಲಿ ತಲೆದೋರುವ ಕ್ಯಾನ್ಸರ್ ಅಪರೂಪದ್ದು. ಜಾಗತಿಕ ಅಂದಾಜಿನಂತೆ 2020ರಲ್ಲಿ ಸುಮಾರು 45,000 ಹೊಸ ಪ್ರಕರಣಗಳು, 17,000 ಸಾವುಗಳು. ಅಪರೂಪವೆಂದೇ ತಪಾಸಣಾ ಕಾರ್ಯಕ್ರಮಗಳಲ್ಲಿ ಅದಕ್ಕೆ ಜಾಗವಿಲ್ಲ. ಬರಿಗಣ್ಣಿಗೆ ಕಾಣುವ ಚರ್ಮದಲ್ಲೇ ಹುಟ್ಟಿದರೂ ತಡವಾಗಿ ಪತ್ತೆಯಾಗುವುದು ಬಹುಮಟ್ಟಿಗೆ ಯಾರೂ ಆ ಜಾಗವನ್ನು ನೋಡದೇ ಇರುವುದರಿಂದ.

ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳು ಚರ್ಮದ ಮೇಲ್ಪದರದ ಸ್ಕ್ವಾಮಸ್ ಕೋಶಗಳಲ್ಲಿ ಶುರುವಾಗುತ್ತವೆ. ಅವಕ್ಕೆ ದಾರಿ ಎರಡು. ಒಂದು, ಗರ್ಭಕಂಠದ ಕ್ಯಾನ್ಸರಿಗೂ ಕಾರಣವಾದ ಎಚ್‌ಪಿವಿ ವೈರಸ್, ಅದರಲ್ಲೂ ಅದರ 16ನೇ ಬಗೆ. ಧೂಮಪಾನವೂ ಎಚ್‌ಐವಿಯಿಂದ ಕುಗ್ಗಿದ ರೋಗನಿರೋಧಕ ಶಕ್ತಿಯೂ ಅಪಾಯವನ್ನು ಹೆಚ್ಚಿಸುತ್ತವೆ. ಇನ್ನೊಂದು, ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಲೈಕೆನ್ ಸ್ಕ್ಲೆರೋಸಸ್: ಚರ್ಮ ಬೆಳ್ಳಗಾಗಿ, ಸುಕ್ಕುಗಟ್ಟಿ, ರಾತ್ರಿಯ ನಿದ್ದೆ ಕೆಡಿಸುವಷ್ಟು ನವೆ ಏಳುವ ದೀರ್ಘಕಾಲದ ಕಾಯಿಲೆ. ಅದು ಅಂಟುಜಾಡ್ಯವಲ್ಲ. ಕ್ಯಾನ್ಸರಿಗೆ ತಿರುಗುವುದು ಕೆಲವರಲ್ಲಿ ಮಾತ್ರ, ಆದರೆ ನಿಗಾ ಎಲ್ಲರಿಗೂ ಬೇಕು.

ಮೂರು ವಾರ ಕಳೆದರೂ ಹೋಗದ ನವೆ ಅಥವಾ ಉರಿ, ಮಾಯದ ಹುಣ್ಣು, ಗಂಟು, ನರೂಲಿಯಂಥ ಬೆಳವಣಿಗೆ, ದಪ್ಪಗಾದ ಇಲ್ಲವೇ ಬಣ್ಣಗೆಟ್ಟ ಚರ್ಮ, ತೊಡೆಸಂದಿನ ಗಡ್ಡೆ: ಇವುಗಳಲ್ಲಿ ಒಂದಿದ್ದರೂ ವೈದ್ಯರು ಕಣ್ಣಾರೆ ನೋಡಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕಾಯುವ ಮಾತೇ ಇಲ್ಲ. ಹೆಚ್ಚಿನವರಲ್ಲಿ ಕಾರಣ ಸೋಂಕೋ ಚರ್ಮರೋಗವೋ ಆಗಿರುತ್ತದೆ; ಯಾವುದೆಂದು ನೋಡದೆ ಹೇಳಲಾಗದು.

ಅರವತ್ತು ದಾಟಿದ ಹೆಂಗಸು ‘ಕೆಳಗೆ ನವೆ’ ಎಂದು ಮಗಳ ಹತ್ತಿರ ಹೇಳಲೂ ಸಂಕೋಚಪಡುತ್ತಾಳೆ. ಉಷ್ಣವೆಂದೋ ಸಕ್ಕರೆ ಕಾಯಿಲೆಯೆಂದೋ ತಿಂಗಳುಗಳು ಉರುಳುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರೂ ಬೆರೆತಿರುತ್ತವೆ. ಹಚ್ಚಿದರೆ ನವೆ ತಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ಇಂಥ ಟ್ಯೂಬುಗಳಲ್ಲಿರುವ ಕ್ಲೊಬೆಟಸಾಲ್ ಎಂಬ ಸ್ಟೀರಾಯ್ಡ್ ಲೈಕೆನ್ ಸ್ಕ್ಲೆರೋಸಸ್‌ಗೆ ಸರಿಯಾದ ಔಷಧವೇ, ಪರೀಕ್ಷಿಸಿ ಪ್ರಮಾಣ ಗೊತ್ತುಮಾಡಿ ಕೊಟ್ಟಾಗ.

ಪ್ಯಾಪ್ ಸ್ಮಿಯರ್ ಈ ಕ್ಯಾನ್ಸರನ್ನು ಹಿಡಿಯಲೆಂದು ಇರುವ ಪರೀಕ್ಷೆಯಲ್ಲ. ಖಚಿತಪಡಿಸಲು ಬಯಾಪ್ಸಿಯೇ ಬೇಕು. ಆ ಜಾಗವನ್ನಷ್ಟೇ ಮರಗಟ್ಟಿಸಿ ಕೆಲವು ಮಿಲಿಮೀಟರ್ ಚರ್ಮ ತೆಗೆದರಾಯಿತು. ಗಡ್ಡೆ ಚಿಕ್ಕದಿದ್ದಾಗ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಮಂದಿ ಗುಣವಾಗುತ್ತಾರೆ. ತೊಡೆಸಂದಿನ ದುಗ್ಧರಸ ಗ್ರಂಥಿಗಳಿಗೆ ಹರಡಿದ ಮೇಲೆ ಗ್ರಂಥಿಗಳನ್ನೂ ತೆಗೆಯಬೇಕಾಗುತ್ತದೆ, ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಹಲವರಿಗೆ ಕಾಲಿನ ಬಾವು ಉಳಿದುಬಿಡುತ್ತದೆ.

ಅಸಾಂಕ್ರಾಮಿಕ ರೋಗಗಳ ತಡೆಯ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದ ಮಹಿಳೆಯರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ನಡೆಯುತ್ತಿದೆ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ನೋಡುವ ಹೊತ್ತಿಗೆ ಮಹಿಳೆ ಮೇಜಿನ ಮೇಲೆ ಮಲಗಿರುತ್ತಾಳೆ, ದೀಪ ಹತ್ತಿರುತ್ತದೆ, ಶುಶ್ರೂಷಾಧಿಕಾರಿ ಎದುರಿಗಿರುತ್ತಾರೆ. ಸ್ಪೆಕ್ಯುಲಮ್ ಹಾಕುವ ಮುನ್ನ ಹೊರಭಾಗವನ್ನು ಒಂದು ನಿಮಿಷ ನೋಡಿ, ಎರಡೂ ತೊಡೆಸಂದುಗಳನ್ನು ಮುಟ್ಟಿ ಪರೀಕ್ಷಿಸಿ, ಕಂಡದ್ದನ್ನು ಬರೆದಿಡುವುದನ್ನು ಕಡ್ಡಾಯಗೊಳಿಸಬೇಕೆಂಬುದು ಮುಖ್ಯ ಬೇಡಿಕೆ. ಇದಕ್ಕೆ ಹೊಸ ಉಪಕರಣ ಬೇಡ. ತರಬೇತಿ, ಪರದೆ ಹಾಗೂ ಮಹಿಳಾ ಸಿಬ್ಬಂದಿ ಸಾಕು.

ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ ಸ್ತನದ ಗಂಟು, ಅಕಾಲ ರಕ್ತಸ್ರಾವದ ಪ್ರಶ್ನೆಗಳಿವೆ. ಅಲ್ಲೇ ಹೋಗದ ನವೆ, ಮಾಯದ ಹುಣ್ಣಿನ ಪ್ರಶ್ನೆಯೂ ಸೇರಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ಪಂಚ್ ಬಯಾಪ್ಸಿ ಸಲಕರಣೆ ಒದಗಿಸಬೇಕು. ಮಾದರಿಯ ಡಬ್ಬಿಯನ್ನು ರೋಗಿಯ ಕೈಗೆ ಕೊಟ್ಟು ಕಳಿಸದೆ ಪ್ರಯೋಗಾಲಯಕ್ಕೆ ಆಸ್ಪತ್ರೆಯೇ ತಲುಪಿಸಬೇಕು. ರೋಗ ಖಚಿತವಾದವರನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೋ ಅದರ ಕಲಬುರಗಿ ಕೇಂದ್ರಕ್ಕೋ ದಿನಾಂಕ ಗೊತ್ತುಪಡಿಸಿಯೇ ಕಳಿಸಬೇಕು. ಸ್ಟೀರಾಯ್ಡ್ ಮುಲಾಮುಗಳ ಚೀಟಿರಹಿತ ಮಾರಾಟವನ್ನು ಔಷಧ ನಿಯಂತ್ರಣ ಅಧಿಕಾರಿಗಳ ಮೂಲಕ ತಡೆಯಬೇಕು. ಎಚ್‌ಪಿವಿ ಲಸಿಕೆಯ ತಿಳಿವಳಿಕೆ ಪತ್ರಗಳಲ್ಲಿ ಗರ್ಭಕಂಠದ ಕ್ಯಾನ್ಸರಿನ ಜೊತೆಗೆ ವಲ್ವಾ ಕ್ಯಾನ್ಸರಿನ ಹೆಸರನ್ನೂ ಸೇರಿಸಬೇಕೆಂದು ಕೋರಲಾಗಿದೆ.