ಅನುಮಾನ ದುಡಿಮೆಯಲ್ಲಿಲ್ಲ, ಅಳತೆಯಲ್ಲಿದೆ

ಫ್ರೀಲಾನ್ಸ್ ದುಡಿಮೆಗೆ ನಿಗದಿತ ಸಂಬಳವಿಲ್ಲ, ಆದ್ದರಿಂದ ಆ ಗಳಿಕೆ ಹಲಾಲ್ ಎಂಬುದು ಅನುಮಾನ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಇದನ್ನು ಒಪ್ಪಲಾಗದು.

ಇಸ್ಲಾಮಿ ಫಿಕ್ಹ್, ಅಂದರೆ ನ್ಯಾಯಶಾಸ್ತ್ರ, ಈ ದುಡಿಮೆಯನ್ನು ಶತಮಾನಗಳ ಹಿಂದೆಯೇ ಗುರುತಿಸಿದೆ. ಒಬ್ಬನೇ ಯಜಮಾನನಿಗೆ ದುಡಿಯುವವ ‘ಅಜೀರ್ ಖಾಸ್’. ಹಲವರ ಕೆಲಸ ಹಿಡಿಯುವ ದರ್ಜಿ ‘ಅಜೀರ್ ಮುಶ್ತರಕ್’. ಮೊದಲನೆಯವನಿಗೆ ಸಮಯಕ್ಕೆ ಕೂಲಿ, ಎರಡನೆಯವನಿಗೆ ಕೆಲಸಕ್ಕೆ. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಲೋಗೊ ಬಿಡಿಸುವ ಹುಡುಗಿ ಆ ದರ್ಜಿಯ ಸಾಲಿನವಳೇ.

ಶರೀಅತ್ ತಡೆಯುವುದು ‘ಗರರ್’ ಅನ್ನು, ಅಂದರೆ ಕರಾರಿನೊಳಗಿನ ಅಸ್ಪಷ್ಟತೆಯನ್ನು. ಮುಂದಿನ ತಿಂಗಳು ಕೆಲಸ ಸಿಗುತ್ತದೋ ಇಲ್ಲವೋ ಎಂಬುದು ಗರರ್ ಅಲ್ಲ. ಏನು ಕೆಲಸ, ಎಷ್ಟು ಹಣ, ಯಾವತ್ತಿಗೆ, ಎಷ್ಟು ಸಲ ತಿದ್ದುಪಡಿ ಎಂದು ಮೊದಲೇ ಬರೆದುಕೊಂಡರೆ ಕರಾರು ಸ್ವಚ್ಛ.

ಅಪಾಯವಿರುವುದು ಬೇರೆ ಕಡೆ. 4 ಗಂಟೆ ದುಡಿದು 6 ಗಂಟೆಯ ಬಿಲ್ ಕಳಿಸಿದರೆ ಆ ಹೆಚ್ಚಿನ ಹಣ ಹಲಾಲ್ ಅಲ್ಲ. ಕುರ್‌ಆನಿನ 83ನೇ ಅಧ್ಯಾಯ ಶುರುವಾಗುವುದೇ ಅಳತೆಯಲ್ಲಿ ವಂಚಿಸುವವರಿಗೆ ಎಚ್ಚರಿಕೆ ಕೊಟ್ಟು. ಬಡ್ಡಿ ಸಾಲದ ಜಾಹೀರಾತು, ಬಾರಿನ ಬೋರ್ಡು ಬಿಡಿಸುವುದೂ ಸಲ್ಲದು; ಆದರೆ ಸಂಬಳದ ನೌಕರನಿಗೂ ಅದೇ ನಿಯಮ.

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದು ಪ್ರವಾದಿಯವರ ಬೋಧನೆ. ಬಿಲ್ಲನ್ನು ಮೂರು ತಿಂಗಳು ಅದುಮಿಟ್ಟುಕೊಳ್ಳುವ ಗಿರಾಕಿಯ ಬಗ್ಗೆ ಆ ಲೇಖಕರು ಒಂದು ಮಾತೂ ಆಡಿಲ್ಲ. ಮೊದಲು ಅಂಥ ಗಿರಾಕಿಯನ್ನು ಪ್ರಶ್ನಿಸಿ.