ಕೇರಿಯ ದಾಖಲೆ ಕೇರಿಯ ಕಂಪ್ಯೂಟರಿನಲ್ಲಿರಲಿ



"ಅಣ್ಣಾ, ಸಂಘಟನೆಗೊಂದು ವೆಬ್‌ಸೈಟ್ ಮಾಡಾಕ ರೊಕ್ಕ ಎಷ್ಟು ಬೇಕು?" ಅಂತ ನಮ್ಮ ಹೊಳಲಿನ ಹುಡುಗರು ಕೇಳ್ತಾರೆ. ರೊಕ್ಕದ ಮಾತು ಆಮೇಲೆ. ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಟ್ಟಿ ಕಲೀರಿ ಅಂತೀನಿ ನಾನು.

ನಮ್ಮ ಮನವಿ ಪತ್ರ, ಕರಪತ್ರ, ಧರಣಿ ಫೋಟೊ ಈಗ ಎಲ್ಲಿವೆ? ವಾಟ್ಸಾಪ್ ಗುಂಪಿನಲ್ಲಿ, ಇಲ್ಲಾ ಇಂಥ ಗೋಡೆಗಳ ಮೇಲೆ. ಗೋಡೆ ಕಂಪನಿಯದು, ಬೇಕಾದಾಗ ಸುಣ್ಣ ಹೊಡೀತಾರೆ.

ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ತಂದರು. ರೊಕ್ಕ ಕೊಡ್ತೀವಿ ಅಂದರೂ ಅದರ ಜಾಹೀರಾತು ಹಾಕಲು 'ಕೇಸರಿ' ಒಪ್ಪಲಿಲ್ಲ. ಅವರು ನಿಲ್ಲಲಿಲ್ಲ. ಮುಂದೆ 'ಬಹಿಷ್ಕೃತ ಭಾರತ', 'ಜನತಾ', 'ಪ್ರಬುದ್ಧ ಭಾರತ' ಬಂದವು.

ಇವತ್ತು ಅಂಥ ಅಚ್ಚುಕೂಟ ಪುಕ್ಕಟೆ ಸಿಗ್ತದೆ. 2003ರಿಂದ ಇರುವ ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶ. ಅದು ಓಡಲು ಬೇಕಾದ ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ ಮೂರೂ ಎಕ್ಸ್‌ಎಎಂಪಿಪಿ ಅನ್ನೋ ಒಂದೇ ಕಟ್ಟಿನಲ್ಲಿ ಬರ್ತವೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ಕೆಲಸ ನಡೀತದೆ. ವರ್ಡ್‌ಪ್ರೆಸ್ ಫೋಲ್ಡರನ್ನು ಎಚ್‌ಟಿಡಾಕ್ಸ್ ಒಳಗೆ ಇಡ್ರಿ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಒಂದು ಡೇಟಾಬೇಸ್ ಮಾಡ್ರಿ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಅಂತ ಹೊಡೆದು ಆ ಫೋಲ್ಡರ್ ತೆರೀರಿ. ಅಪಾಚೆ ಏಳದಿದ್ರೆ, 80ನೇ ಪೋರ್ಟನ್ನು ಬೇರೆ ತಂತ್ರಾಂಶ ಹಿಡಿದಿರಬಹುದು. 8080ಕ್ಕೆ ಬದಲಿಸಿ ನೋಡ್ರಿ.

ಕನ್ನಡದ್ದೊಂದು ತೊಡಕೈತಿ. ಡಿಟಿಪಿಯವರು ನುಡಿ ಫಾಂಟಿನಲ್ಲಿ ಹೊಡೆದ ಹಳೆ ಕರಪತ್ರ ಹಾಗೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

"ಭೂಮಿ, ಸ್ಮಶಾನದ ಪ್ರಶ್ನೆ ಇರುವಾಗ ಇದ್ಯಾಕಪ್ಪಾ?" ಅನ್ನೋ ಹಿರಿಯರಿದ್ದಾರೆ. ಅದಕ್ಕೇ ಬೇಕು. ಸ್ಮಶಾನ ಜಾಗಕ್ಕೆ ಯಾವ ತಾರೀಖು ಮನವಿ ಕೊಟ್ರಿ, ಸ್ವೀಕೃತಿ ಎಲ್ಲಿ ಅಂತ ಕಚೇರಿಯವರು ಕೇಳಿದಾಗ ತಾರೀಖಿನ ಪ್ರಕಾರ ತೆಗೆದು ಮೇಜಿನ ಮೇಲೆ ಇಡಬೇಕಲ್ಲ? ಇನ್ನೊಂದು ಮಾತು. ದೌರ್ಜನ್ಯಕ್ಕೆ ಒಳಗಾದವರ ಹೆಸರು, ಮುಖ, ಫೋನ್ ನಂಬರು ಅವಸರದಲ್ಲಿ ಲೋಕಕ್ಕೆ ಬಿಟ್ಟರೆ ಹಿಂದಕ್ಕೆ ತರೋಕಾಗಲ್ಲ. ಲೋಕಲ್ ಪ್ರತಿ ಇದ್ದರೆ ಆ ಮನೆಯವರನ್ನೇ ಕೂರಿಸಿ, ತೋರಿಸಿ, ಅವರು ಹೂಂ ಅಂದಮೇಲೆ ಹೊರಗೆ ಬಿಡಬಹುದು.

"ಇದೆಲ್ಲಾ ನಿಮಗೆ ಬರಲ್ಲ ಬಿಡ್ರೋ" ಅನ್ನಿಸಿಕೊಂಡೇ ಬೆಳೆದ ಮಕ್ಕಳು ನಮ್ಮವರು. ಲೋಕಲ್‌ಹೋಸ್ಟಿನಲ್ಲಿ ಸೈಟು ಹತ್ತು ಸಲ ಕೆಟ್ಟರೂ ನೋಡಿ ನಗೋರಿಲ್ಲ. ಅಳಿಸಿ ಮತ್ತೆ ಕಟ್ಟಬಹುದು. ಕಲಿಯೋಕೆ ಅಷ್ಟು ಜಾಗ ಸಾಕು.

ಒಂದು ಎಚ್ಚರ: ಒಂದೇ ಲ್ಯಾಪ್‌ಟಾಪನ್ನು ನಂಬಬೇಡ್ರಿ. ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿ, ಚಿತ್ರಗಳಿರುವ ಡಬ್ಲ್ಯುಪಿ-ಕಂಟೆಂಟ್ ಫೋಲ್ಡರನ್ನೂ ಸೇರಿಸಿ ಎರಡು ಪೆನ್‌ಡ್ರೈವಿಗೆ ಹಾಕಿ, ಎರಡು ಮನೇಲಿ ಇಡ್ರಿ. ಒಂದಿದ್ದು ಇನ್ನೊಂದು ಇಲ್ಲದಿದ್ರೆ ಸೈಟು ಪೂರ್ತಿ ವಾಪಸ್ ಬರಲ್ಲ.

ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಎಷ್ಟೋ ಮನೇಲಿ ಸಿನಿಮಾ ನೋಡೋಕಷ್ಟೇ ಆಗೈತಿ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಮ್ಮ ತಂಗಿಯರೇ, ಈ ಭಾನುವಾರ ಅದನ್ನ ತೆಗೀರಿ. ಹಾಸ್ಟೆಲಿನ ಹೆಣ್ಣುಮಕ್ಕಳನ್ನೂ ಜೊತೆಗೆ ಕೂರಿಸ್ಕೊಳ್ರಿ. ಮೊದಲ ಪುಟಕ್ಕೆ ನಿಮ್ಮ ಕೇರಿಯ ಹಳೇ ಮನವಿ ಪತ್ರ ಒಂದನ್ನ ಹಾಕ್ರಿ.

ಜೈಭೀಮ್.